ದೇವರು ಕೊಟ್ಟರೂ ಪೂಜಾರಿ ಕೊಡದ ಕಾಯಿಲೆ

ಒಮ್ಮೆ ಮುಷ್ಟಿ ಬಿಗಿದು ಕೈಯ ಹಿಂಭಾಗ ನೋಡಿಕೊಳ್ಳಿ. ನಾಲ್ಕು ಗೆಣ್ಣುಗಳು ಸಾಲಾಗಿ ಎದ್ದು ಕಾಣುತ್ತವೆ. ಕೆಲವರಿಗೆ ಉಂಗುರ ಬೆರಳಿನ ಬುಡದಲ್ಲಿ ಗೆಣ್ಣಿನ ಬದಲು ಸಣ್ಣ ಗುಳಿ ಇರುತ್ತದೆ. ಕಿರುಬೆರಳಿನ ಬುಡದಲ್ಲೂ ಇರಬಹುದು. ಅಂಗೈಯೊಳಗಿನ ಮೂಳೆ ಗಿಡ್ಡವಾದರೆ ಹೀಗಾಗುತ್ತದೆ. ಆರೋಗ್ಯವಾಗಿರುವವರಲ್ಲೂ ಇದು ಕಾಣುತ್ತದೆ, ಸುಮ್ನೆ ಗಾಬರಿ ಬೇಡ. ಆದರೆ ಅದೇ ವ್ಯಕ್ತಿ ಕುಳ್ಳಗಿದ್ದು, ಮುಖ ದುಂಡಗಿದ್ದು, ಚರ್ಮದ ಕೆಳಗೆ ಗಟ್ಟಿ ಗಂಟುಗಳಿದ್ದು, ಆಗಾಗ ಕೈಬೆರಳು ಸೆಟೆದುಕೊಳ್ಳುವುದೋ ಫಿಟ್ಸ್ ಬರುವುದೋ ಇದ್ದರೆ, ಡಾಕ್ಟರು ಆ ಗುಳಿಯನ್ನು ಗಮನಿಸಲೇಬೇಕು.

ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿವೆ. ಹೆಸರು ಪ್ಯಾರಾಥೈರಾಯ್ಡ್. ಇವನ್ನು ಮೊದಲು ಗುರುತಿಸಿದ್ದು ಮನುಷ್ಯರಲ್ಲಲ್ಲ, ಲಂಡನ್ ಮೃಗಾಲಯದಲ್ಲಿ 1849ರಲ್ಲಿ ಸತ್ತ ಭಾರತದ ಘೇಂಡಾಮೃಗದಲ್ಲಿ. ಅದನ್ನು ಕೊಯ್ದು ನೋಡಿದವರು ರಿಚರ್ಡ್ ಓವನ್. ಮನುಷ್ಯರಲ್ಲಿಯೂ ಇವು ಇವೆ ಎಂದು 1880ರಲ್ಲಿ ಬರೆದವರು ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರೋಮ್.

ಈ ಗ್ರಂಥಿಗಳ ಕೆಲಸ ರಕ್ತದ ಕ್ಯಾಲ್ಸಿಯಂ ಕಾಯುವುದು. 100 ಮಿಲಿ ಲೀಟರ್ ರಕ್ತದಲ್ಲಿ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕು. ಸ್ವಲ್ಪ ಇಳಿದರೂ ಸಾಕು, ಪ್ಯಾರಾಥೈರಾಯ್ಡ್ ಹಾರ್ಮೋನ್ ಹೊರಡುತ್ತದೆ. ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ. ಮೂತ್ರದಲ್ಲಿ ಕ್ಯಾಲ್ಸಿಯಂ ಪೋಲಾಗದಂತೆ ತಡೆದು ಫಾಸ್ಫೇಟನ್ನು ಹೊರಗೆ ಹಾಕು ಎಂದು ಕಿಡ್ನಿಗೆ ಹೇಳುತ್ತದೆ. ಹಾರ್ಮೋನ್ ಇಲ್ಲದಿದ್ದರೆ ಕ್ಯಾಲ್ಸಿಯಂ ಇಳಿದು, ಫಾಸ್ಫೇಟ್ ಏರಿ, ನರಗಳು ಕೆರಳಿ ಸೆಟೆತ ಶುರುವಾಗುತ್ತದೆ.

1942ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಫುಲ್ಲರ್ ಆಲ್‌ಬ್ರೈಟ್ ಮುಂದೆ ಇಂಥ ರೋಗಿಗಳಿದ್ದರು. ಕ್ಯಾಲ್ಸಿಯಂ ಕಡಿಮೆ, ಫಾಸ್ಫೇಟ್ ಜಾಸ್ತಿ. ಹಾರ್ಮೋನ್ ಇಲ್ಲ ಅಂದಮೇಲೆ ಹೊರಗಿನಿಂದ ಕೊಟ್ಟರಾಯಿತು, ಅಲ್ವಾ? ಅವರು ಗ್ರಂಥಿಯ ಸಾರವನ್ನು ಚುಚ್ಚಿ ನೋಡಿದರು. ಮೂತ್ರದಲ್ಲಿ ಫಾಸ್ಫೇಟ್ ಏರಬೇಕಿತ್ತು. ಏರಲಿಲ್ಲ. ಆಗ ಆಲ್‌ಬ್ರೈಟ್ ಹೇಳಿದ್ದು ಹೊಸ ಮಾತು: ಕೊರತೆ ಹಾರ್ಮೋನಿನದ್ದಲ್ಲ, ಅದರ ಮಾತನ್ನು ಅಂಗಗಳು ಕೇಳುತ್ತಿಲ್ಲ. ಕಾಯಿಲೆಗೆ ಸ್ಯೂಡೋಹೈಪೋಪ್ಯಾರಾಥೈರಾಯ್ಡಿಸಂ ಎಂಬ ಉದ್ದನೆಯ ಹೆಸರು ಬಂತು. ಹಾರ್ಮೋನ್ ಕೊರತೆಯಂತೆ ತೋರುವ, ಆದರೆ ಅದಲ್ಲದ ಕಾಯಿಲೆ ಎಂದು ಅರ್ಥ.

ಅವರು ಕೊಟ್ಟ ಹೋಲಿಕೆ ಸೀಬ್ರೈಟ್ ಎಂಬ ಪುಟ್ಟ ಜಾತಿಯ ಹುಂಜದ್ದು. ಹುಂಜವಾದರೂ ಇದಕ್ಕೆ ಹೇಂಟೆಯಂಥ ಪುಕ್ಕ. ಗಂಡು ಹಾರ್ಮೋನ್ ಇದ್ದರೂ ಪುಕ್ಕ ಕೇಳುತ್ತಿಲ್ಲ ಎಂದು ಅವರು ಭಾವಿಸಿದ್ದರು. ಆ ಹುಂಜದ ಚರ್ಮವೇ ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ ಎಂದು ಎಷ್ಟೋ ದಶಕಗಳ ಮೇಲೆ ತಿಳಿಯಿತು. ಉದಾಹರಣೆ ತಪ್ಪಾಯಿತು, ಯೋಚನೆ ಸರಿಯಾಗಿತ್ತು. ರಕ್ತದಲ್ಲಿ ಈ ಹಾರ್ಮೋನ್ ಅಳೆಯುವ ಪರೀಕ್ಷೆಯೇ ಇಲ್ಲದ ಕಾಲವದು. 1960ರ ದಶಕದಲ್ಲಿ ಪರೀಕ್ಷೆ ಬಂದಾಗ ಈ ರೋಗಿಗಳಲ್ಲಿ ಹಾರ್ಮೋನ್ ಕಡಿಮೆಯಲ್ಲ, ಜಾಸ್ತಿಯೇ ಇರುವುದು ಗೊತ್ತಾಯಿತು.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ಹಾಗೆ. ಆದರೆ ಇಲ್ಲಿ ಪೂಜಾರಿ ಯಾರು? ಅದನ್ನು ಹುಡುಕಲು ಸುಮಾರು ನಾಲ್ಕು ದಶಕ ಹಿಡಿಯಿತು.

ಈ ಹಾರ್ಮೋನ್ ಜೀವಕೋಶದ ಒಳಗೆ ಹೋಗುವುದಿಲ್ಲ. ಹೊರಗೋಡೆಯ ಮೇಲಿರುವ ರಿಸೆಪ್ಟರಿಗೆ ಅಂಟಿಕೊಳ್ಳುತ್ತದೆ. ಒಳಗೆ ಸುದ್ದಿ ಮುಟ್ಟಿಸುವವರು ಬೇರೆ. ಅಂಥ ಒಬ್ಬ ದೂತ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು. 1950ರ ದಶಕದಲ್ಲಿ ಅದನ್ನು ಕಂಡುಹಿಡಿದ ಅರ್ಲ್ ಸದರ್ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು. ಹಾರ್ಮೋನ್ ಕೊಟ್ಟಾಗ ನಮ್ಮ ಮೂತ್ರದಲ್ಲಿ ಈ ಅಣು ಒಮ್ಮೆಲೇ ಏರುತ್ತದೆ. ಆಲ್‌ಬ್ರೈಟ್ ಹೇಳಿದ ರೋಗಿಗಳಲ್ಲಿ ಏರುವುದಿಲ್ಲ ಎಂದು 1969ರಲ್ಲಿ ಅಮೆರಿಕದ ಚೇಸ್, ಮೆಲ್ಸನ್, ಔರ್ಬಾಕ್ ತೋರಿಸಿದರು. ಅಂದರೆ ಸುದ್ದಿ ಮುರಿದುಬೀಳುವುದು ದೂತ ಹೊರಡುವ ಮೊದಲೇ. ಅದೇ ವರ್ಷದ ಡಿಸೆಂಬರಿನಲ್ಲಿ ಆಲ್‌ಬ್ರೈಟ್ ತೀರಿಕೊಂಡರು. ಪಾರ್ಕಿನ್ಸನ್ ಕಾಯಿಲೆಗೆ 1956ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಅವರು ಸುಧಾರಿಸಿಕೊಳ್ಳಲೇ ಇಲ್ಲ. ತಮ್ಮ ಊಹೆಗೆ ಸಿಕ್ಕ ಪುರಾವೆಯನ್ನು ತಿಳಿಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ಇದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತಪ್ಪು ರಿಸೆಪ್ಟರಿನದ್ದೇ ಇರಬೇಕು ಎಂದುಕೊಳ್ಳುವುದು ಸಹಜ. ಆದರೆ ರಿಸೆಪ್ಟರಿಗೂ ದೂತನಿಗೂ ನಡುವೆ ಇನ್ನೊಬ್ಬನಿದ್ದಾನೆ, ಜಿ-ಪ್ರೋಟೀನ್. ಇದನ್ನು ಬಿಡಿಸಿ ತೋರಿಸಿದ ಮಾರ್ಟಿನ್ ರಾಡ್‌ಬೆಲ್ ಮತ್ತು ಆಲ್‌ಫ್ರೆಡ್ ಗಿಲ್‌ಮನ್ ಅವರಿಗೆ 1994ರ ನೊಬೆಲ್ ಸಿಕ್ಕಿತು. 1980ರಲ್ಲಿ ರೋಗಿಗಳ ಕೆಂಪು ರಕ್ತಕಣಗಳನ್ನು ಪರೀಕ್ಷಿಸಿದಾಗ ಹಲವರಲ್ಲಿ ಈ ಪ್ರೋಟೀನಿನ ಕೆಲಸ ಸುಮಾರು ಅರ್ಧಕ್ಕೆ ಇಳಿದಿತ್ತು. ಪೂಜಾರಿ ಸಿಕ್ಕಿದ್ದ. 1990ರಲ್ಲಿ ಅದನ್ನು ತಯಾರಿಸುವ ಜೀನಿನಲ್ಲೇ ದೋಷ ಕಂಡುಬಂತು. ಜೀನಿನ ಹೆಸರು ಜಿಎನ್‌ಎಎಸ್, ಇರುವುದು 20ನೇ ಕ್ರೋಮೋಸೋಮಿನಲ್ಲಿ.

ಇಲ್ಲಿ ಕೋಲ್ಕತ್ತಾದ ಶಂಭುನಾಥ್ ಡೇ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕಾಲರಾ ಭೇದಿಗೆ ಕಾರಣ ಆ ರೋಗಾಣು ಬಿಡುವ ವಿಷ ಎಂದು 1959ರಲ್ಲಿ ತೋರಿಸಿದವರು ಅವರು. ಆ ವಿಷ ಹೋಗಿ ಹಿಡಿಯುವುದು ಇದೇ ಜಿ-ಪ್ರೋಟೀನನ್ನು. ಅದರ 201ನೇ ಅಮೈನೋ ಆಮ್ಲಕ್ಕೆ ಒಂದು ರಾಸಾಯನಿಕ ತುಣುಕನ್ನು ಅಂಟಿಸಿ, ಸ್ವಿಚ್ ಆಫ್ ಆಗದಂತೆ ಮಾಡುತ್ತದೆ. ಕರುಳಿನಿಂದ ನೀರು ಹರಿಯುತ್ತಲೇ ಇರುತ್ತದೆ. ಮುಂದೆ ವಿಜ್ಞಾನಿಗಳು ಈ ಪ್ರೋಟೀನನ್ನು ಗುರುತಿಸಲು ಕಾಲರಾ ವಿಷವನ್ನೇ ಸಾಧನವಾಗಿ ಬಳಸಿದರು. ಅದೇ 201ನೇ ಜಾಗದಲ್ಲಿ ಹುಟ್ಟುವ ಮೊದಲೇ, ದೇಹದ ಕೆಲವು ಕೋಶಗಳಲ್ಲಿ ಮಾತ್ರ ದೋಷವಾದರೆ ಮೆಕ್ಯೂನ್-ಆಲ್‌ಬ್ರೈಟ್ ಎಂಬ ಬೇರೆಯದೇ ಕಾಯಿಲೆ. ಪುಟ್ಟ ಹುಡುಗಿಯರು ಎಳೆ ವಯಸ್ಸಿನಲ್ಲೇ ಮುಟ್ಟಾಗುವುದು, ಮೂಳೆ ದುರ್ಬಲವಾಗಿ ಮುರಿಯುವುದು, ಮೈಮೇಲೆ ಕಾಫಿ ಬಣ್ಣದ ಮಚ್ಚೆ ಎಲ್ಲ ಅದರಲ್ಲಿವೆ. ದೇವರು ಕೊಡದಿದ್ದರೂ ಪೂಜಾರಿ ಹಂಚುತ್ತಿರುತ್ತಾನೆ.

ಒಂದು ಒಗಟು ಉಳಿದಿತ್ತು. ಗಿಡ್ಡ ಬೆರಳು, ದುಂಡು ಮುಖ ಎಲ್ಲ ಇದ್ದರೂ ಕ್ಯಾಲ್ಸಿಯಂ ಸರಿಯಾಗಿಯೇ ಇರುವ ಕೆಲವರನ್ನು ಆಲ್‌ಬ್ರೈಟ್ 1952ರಲ್ಲೇ ಕಂಡಿದ್ದರು. ಎಷ್ಟೋ ಸಲ ಇಬ್ಬಗೆಯವರೂ ಒಂದೇ ಕುಟುಂಬದಲ್ಲಿರುತ್ತಾರೆ, ಜೀನಿನ ದೋಷವೂ ಒಂದೇ. ಹಾಗಿದ್ದರೆ ಒಬ್ಬರಿಗೆ ಫಿಟ್ಸ್ ಯಾಕೆ, ಇನ್ನೊಬ್ಬರಿಗೆ ಏನೂ ಇಲ್ಲ ಯಾಕೆ? ಉತ್ತರ ಸ್ಪಷ್ಟವಾದದ್ದು 1990ರ ದಶಕದಲ್ಲಿ. ಅಣ್ಣ, ತಂಗಿ ಇಬ್ಬರಲ್ಲೂ ಈ ದೋಷ ಇದೆ ಅಂದುಕೊಳ್ಳಿ. ಅದು ತಂಗಿಯ ಮಗುವಿಗೆ ದಾಟಿದರೆ ಆ ಮಗುವಿಗೆ ರೂಪವೂ ಬರುತ್ತದೆ, ಹಾರ್ಮೋನ್ ಕೇಳದ ತೊಂದರೆಯೂ ಬರುತ್ತದೆ. ಅಣ್ಣನ ಮಗುವಿಗೆ ದಾಟಿದರೆ ಸಾಮಾನ್ಯವಾಗಿ ರೂಪ ಮಾತ್ರ. ಕಾರಣ, ಕಿಡ್ನಿಯ ಒಂದು ಭಾಗದಲ್ಲಿ ಮತ್ತು ಥೈರಾಯ್ಡಿನಲ್ಲಿ ಅಮ್ಮನಿಂದ ಬಂದ ಪ್ರತಿಯೇ ಮುಖ್ಯವಾಗಿ ಕೆಲಸ ಮಾಡುತ್ತದೆ, ಅಪ್ಪನಿಂದ ಬಂದದ್ದು ಬಹುಪಾಲು ಮಲಗಿರುತ್ತದೆ. ಇದರಲ್ಲಿ ಅಮ್ಮನ ತಪ್ಪೇನೂ ಇಲ್ಲ. ಮಗುವಿಗೆ ಏನಾದರೂ ಆದರೆ ತಾಯಿಯತ್ತ ಬೆರಳು ತೋರಿಸುವ ನಮ್ಮ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕು.

1993ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ಗ್ರಂಥಿಗೆ ಗೊತ್ತಾಗುವುದು ಹೇಗೆ? ಬಾಸ್ಟನ್ನಿನಲ್ಲಿ ಎಡ್ವರ್ಡ್ ಬ್ರೌನ್, ಸ್ಟೀವನ್ ಹೆಬರ್ಟ್ ಮತ್ತು ಸಂಗಡಿಗರು ದನದ ಪ್ಯಾರಾಥೈರಾಯ್ಡಿನಲ್ಲಿ ಪ್ರೋಟೀನ್ ತಯಾರಿಸಲು ಜೀನುಗಳು ಕಳಿಸುವ ಸಂದೇಶಗಳನ್ನು (ಎಂಆರ್‌ಎನ್‌ಎ) ಕಪ್ಪೆಯ ಮೊಟ್ಟೆಗಳಿಗೆ ಸೇರಿಸಿ, ಕ್ಯಾಲ್ಸಿಯಂ ಗುರುತಿಸುವ ರಿಸೆಪ್ಟರನ್ನು ಹಿಡಿದರು. ಅದು ಮಂದವಾದರೆ ರಕ್ತದ ಕ್ಯಾಲ್ಸಿಯಂ ಜೀವನಪೂರ್ತಿ ತುಸು ಮೇಲೇ ಇರುತ್ತದೆ, ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ. ಇದು ಗೊತ್ತಿಲ್ಲದೆ ಗ್ರಂಥಿಗೆ ಕತ್ತರಿ ಹಾಕಿಸಿಕೊಂಡು ಪ್ರಯೋಜನ ಕಾಣದವರು ಎಷ್ಟೋ ಮಂದಿ. ಅದೇ ರಿಸೆಪ್ಟರನ್ನು ಚುರುಕುಗೊಳಿಸುವ ಸಿನಾಕಾಲ್ಸೆಟ್ ಮಾತ್ರೆಗೆ ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ಡಯಾಲಿಸಿಸ್ ರೋಗಿಗಳು ಅದನ್ನು ಬಳಸುತ್ತಾರೆ.

ಇದೆಲ್ಲ ಅಪರೂಪದ ಕಾಯಿಲೆ, ನಮಗ್ಯಾಕೆ ಅನ್ನಿಸಬಹುದು. ಫಿಟ್ಸ್ ಬಂದ ಕೂಡಲೇ ಮೂರ್ಛೆರೋಗ ಎಂದು ಹಣೆಪಟ್ಟಿ ಹಚ್ಚಿ, ವರ್ಷಗಟ್ಟಲೆ ಮಾತ್ರೆ ನುಂಗಿಸುವುದು ಇಂದಿಗೂ ಇದೆ. ಅಂಥ ಕೆಲವು ಮಾತ್ರೆಗಳು ದೇಹದ ವಿಟಮಿನ್ ಡಿ ಕರಗಿಸಿ ಕ್ಯಾಲ್ಸಿಯಂ ಇನ್ನೂ ಇಳಿಸುತ್ತವೆ. ಸ್ಕ್ಯಾನಿನಲ್ಲಿ ಮೆದುಳಿನ ಒಳಗೆ ಸುಣ್ಣದ ಚುಕ್ಕೆಗಳು ಕಂಡ ಮೇಲಷ್ಟೇ ಯಾರಿಗೋ ಅನುಮಾನ ಬರುತ್ತದೆ. ಕ್ಯಾಲ್ಸಿಯಂ ನೋಡಲು ಬೇಕಾದದ್ದು ಒಂದು ಸಾಮಾನ್ಯ ರಕ್ತ ಪರೀಕ್ಷೆ. ನಮ್ಮಲ್ಲಿ ವಿಟಮಿನ್ ಡಿ ಕೊರತೆ ಜಾಸ್ತಿ, ಅದರಲ್ಲೂ ಕ್ಯಾಲ್ಸಿಯಂ ಇಳಿದು ಹಾರ್ಮೋನ್ ಏರುತ್ತದೆ, ಹಾಗಾಗಿ ಎರಡನ್ನೂ ಬೆರೆಸಿಕೊಳ್ಳುವುದು ಸುಲಭ. ಜೊತೆಗೇ ಫಾಸ್ಫೇಟ್ ಪರೀಕ್ಷೆಯನ್ನೂ ಬರೆಸಿದರೆ ದಾರಿ ಸಿಗುತ್ತದೆ: ಡಿ ಕೊರತೆಯಲ್ಲಿ ಅದು ಸಾಮಾನ್ಯವಾಗಿ ಇಳಿದಿರುತ್ತದೆ, ಆಲ್‌ಬ್ರೈಟ್ ಕಂಡ ಕಾಯಿಲೆಯಲ್ಲಿ ಏರಿರುತ್ತದೆ. ಚಿಕಿತ್ಸೆ ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ಮಾತ್ರೆಗಳು, ಥೈರಾಯ್ಡ್ ತೊಂದರೆ ಇದ್ದರೆ ಅದರ ಮಾತ್ರೆ. ಕ್ಯಾಲ್ಸಿಯಂ ಸರಿಹೋದ ಮೇಲೆ ಹಲವರಲ್ಲಿ ಫಿಟ್ಸ್ ನಿಲ್ಲುತ್ತದೆ. ಹಳೆಯ ಫಿಟ್ಸ್ ಮಾತ್ರೆಯನ್ನು ಯಾವಾಗ ಕಡಿಮೆ ಮಾಡಬೇಕು ಎಂಬುದನ್ನು ಮಾತ್ರ ಡಾಕ್ಟರೇ ಹೇಳಬೇಕು.