ಲೇಸರ್ ಒಂದೇ, ಡಿಸ್ಕ್ ಎರಡು: ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ

ಡಿವಿಡಿಯ ನಂತರ ಬಂದ ಎರಡು ಪೈಪೋಟಿ ಸಿನಿಮಾ ಡಿಸ್ಕುಗಳು ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ. ಒಂದು ಡೇಟಾ ಪದರಕ್ಕೆ ಬ್ಲೂ-ರೇಯಲ್ಲಿ 25 ಜಿಬಿ, ಎಚ್‌ಡಿ ಡಿವಿಡಿಯಲ್ಲಿ 15 ಜಿಬಿ. ಇದನ್ನು ಬಾಯಿಪಾಠ ಮಾಡಬಹುದು. ಕಗ್ಗಂಟಾಗುವುದು ಆಮೇಲೆ: ಎರಡರಲ್ಲೂ ಅದೇ 405 ನ್ಯಾನೋಮೀಟರ್ ಲೇಸರ್, ಅದೇ 12 ಸೆಂ.ಮೀ. ತಟ್ಟೆ. ಮತ್ತೆ 10 ಜಿಬಿ ವ್ಯತ್ಯಾಸ ಎಲ್ಲಿಂದ ಬಂತು?

ಗುಟ್ಟಿರುವುದು ಮಸೂರದಲ್ಲಿ. ಮಸೂರ ಎಷ್ಟು ಅಗಲದ ಕೋನದಿಂದ ಬೆಳಕನ್ನು ಒಂದೆಡೆ ಸೇರಿಸುತ್ತದೆ ಎನ್ನುವುದರ ಅಳತೆಯೇ ನ್ಯೂಮರಿಕಲ್ ಅಪರ್ಚರ್, ಚಿಕ್ಕದಾಗಿ ಎನ್‌ಎ. ಲೇಸರ್ ಚುಕ್ಕೆಯ ಗಾತ್ರ ತರಂಗಾಂತರವನ್ನು ಎನ್‌ಎಯಿಂದ ಭಾಗಿಸಿದಷ್ಟಕ್ಕೆ ಅನುಪಾತದಲ್ಲಿರುತ್ತದೆ.

ಡಿವಿಡಿ: 650 ÷ 0.60 = 1083
ಎಚ್‌ಡಿ ಡಿವಿಡಿ: 405 ÷ 0.65 = 623
ಬ್ಲೂ-ರೇ: 405 ÷ 0.85 = 476

1083ನ್ನು 476ರಿಂದ ಭಾಗಿಸಿದರೆ ಸುಮಾರು 2.28. ಡಿವಿಡಿಯ 4.7 ಜಿಬಿಯನ್ನು ಇದರಿಂದ ಗುಣಿಸಿದರೆ 11 ಜಿಬಿಯೂ ದಾಟುವುದಿಲ್ಲ. ಇಲ್ಲಿ ವರ್ಗ ಮಾಡಬೇಕು. ಸಣ್ಣ ನಿಬ್ಬಿನಲ್ಲಿ ಬರೆದರೆ ಒಂದು ಸಾಲಿಗೆ ಹೆಚ್ಚು ಅಕ್ಷರ ಹಿಡಿಯುತ್ತವೆ, ಹಾಳೆಗೆ ಹೆಚ್ಚು ಸಾಲೂ ಹಿಡಿಯುತ್ತವೆ. ಲಾಭ ಎರಡು ಕಡೆಯಿಂದ. ಡಿಸ್ಕಿನಲ್ಲೂ ಡೇಟಾ ಹಿಡಿದಿಡುವ ಗುಳಿಗಳು ಚಿಕ್ಕದಾಗುತ್ತವೆ, ಅವು ಸಾಲಾಗಿರುವ ಜಾಡುಗಳೂ ಹತ್ತಿರವಾಗುತ್ತವೆ. ಡಿವಿಡಿಯಲ್ಲಿ ಜಾಡಿನಿಂದ ಜಾಡಿಗೆ 0.74 ಮೈಕ್ರೋಮೀಟರ್, ಬ್ಲೂ-ರೇಯಲ್ಲಿ 0.32. ಈಗ 2.28ರ ವರ್ಗ 5.2; ಅದನ್ನು 4.7ರಿಂದ ಗುಣಿಸಿದರೆ 24ರ ಮೇಲೆ ಚೂರು. ಎಚ್‌ಡಿ ಡಿವಿಡಿಗೂ ಹೀಗೇ ಮಾಡಿದರೆ 14ರ ಆಸುಪಾಸು. ಡೇಟಾ ಕೋಡ್ ಮಾಡುವ ವಿಧಾನವೂ ಬೇರೆಯಾದ್ದರಿಂದ ಲೆಕ್ಕ ಪೂರ್ತಿ ತಾಳೆಯಾಗುವುದಿಲ್ಲ. ಆದರೂ ಈ ಮೂರು ಭಾಗಾಕಾರ ನೆನಪಿದ್ದರೆ ಜಿಬಿ ಅಂಕಿಗಳನ್ನು ಉರುಹೊಡೆಯಬೇಕಿಲ್ಲ.

ಹಾಗಿದ್ದರೆ ಎಚ್‌ಡಿ ಡಿವಿಡಿಯ ಹಿಂದಿದ್ದ ತೋಷಿಬಾ ಕಂಪನಿ ಯಾಕೆ 0.85 ಬಳಸಲಿಲ್ಲ? ತಟ್ಟೆ ತುಸು ಓರೆಯಾದರೂ ಚುಕ್ಕೆ ಕದಡುತ್ತದೆ. ಆ ದೋಷ ಎನ್‌ಎಯ ಘನಕ್ಕೂ ಬೆಳಕು ಹಾದುಹೋಗುವ ಪಾರದರ್ಶಕ ಪದರದ ದಪ್ಪಕ್ಕೂ ತಕ್ಕಂತೆ ಬೆಳೆಯುತ್ತದೆ. ಅದಕ್ಕೇ ಬ್ಲೂ-ರೇಯವರು ಆ ಪದರವನ್ನು 0.6 ಮಿ.ಮೀ.ಯಿಂದ 0.1ಕ್ಕೆ ಇಳಿಸಿದರು. ಡೇಟಾ ಮೇಲ್ಮೈಗೆ ಅಷ್ಟು ಹತ್ತಿರ ಬಂದ ಮೇಲೆ ಗೀರಿನ ಕಾಟ. ಗಟ್ಟಿ ಲೇಪನ ಬೇಕಾಯಿತು, ಅಚ್ಚು ಹಾಕಲು ಹೊಸ ಯಂತ್ರಗಳೂ ಬೇಕಾದವು. ಎಚ್‌ಡಿ ಡಿವಿಡಿ 0.6 ಮಿ.ಮೀ.ಯಲ್ಲೇ ಉಳಿದದ್ದರಿಂದ ಹಳೆಯ ಡಿವಿಡಿ ಕಾರ್ಖಾನೆಗಳನ್ನೇ ಅಷ್ಟಿಷ್ಟು ಬದಲಿಸಿ ಬಳಸಬಹುದಿತ್ತು. ಇದು ಪೆದ್ದು ಆಯ್ಕೆಯೇನಲ್ಲ, ಅಗ್ಗವಾಗಿರಲಿ ಎಂದೇ ಮಾಡಿದ ಆಯ್ಕೆ.

ಮಾರುಕಟ್ಟೆಯ ಕಥೆ ಚಿಕ್ಕದು. ಎರಡೂ 2006ರಲ್ಲಿ ಅಂಗಡಿಗೆ ಬಂದವು. ಅದೇ ನವೆಂಬರ್‌ನಲ್ಲಿ ಬ್ಲೂ-ರೇ ಪಾಳಯದ ಸೋನಿ ತನ್ನ ಆಟದ ಯಂತ್ರ ಪ್ಲೇಸ್ಟೇಷನ್ 3ರ ಒಳಗೇ ಬ್ಲೂ-ರೇ ಡ್ರೈವ್ ಇಟ್ಟಿತು. ಆಟಕ್ಕೆಂದು ಕೊಂಡವರ ಮನೆಗೆ ಪ್ಲೇಯರ್ ತಾನಾಗಿ ಸೇರಿತು. ಮೈಕ್ರೋಸಾಫ್ಟ್‌ನ ಆಟದ ಯಂತ್ರ ಎಕ್ಸ್‌ಬಾಕ್ಸ್ 360ಕ್ಕೆ ಎಚ್‌ಡಿ ಡಿವಿಡಿ ಡ್ರೈವನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಸ್ಟುಡಿಯೋಗಳೂ ಹೋಳಾಗಿದ್ದವು: ಡಿಸ್ನಿ, ಫಾಕ್ಸ್ ಬ್ಲೂ-ರೇ ಕಡೆ, ಯೂನಿವರ್ಸಲ್ ಎಚ್‌ಡಿ ಡಿವಿಡಿ ಕಡೆ, ವಾರ್ನರ್ ಎರಡರಲ್ಲೂ. 2008ರ ಜನವರಿ 4ರಂದು ವಾರ್ನರ್ ಇನ್ನು ಬ್ಲೂ-ರೇ ಮಾತ್ರ ಎಂದಿತು. ಫೆಬ್ರವರಿ 19ಕ್ಕೆ ತೋಷಿಬಾ ಕೈಚೆಲ್ಲಿತು. ಆ ವಾರಗಳಲ್ಲಿ 25ಕ್ಕೂ 15ಕ್ಕೂ ಏನೂ ಆಗಿರಲಿಲ್ಲ. ಬದಲಾದದ್ದು ಯಾವ ಸಿನಿಮಾ ಯಾವ ಡಿಸ್ಕಿನಲ್ಲಿ ಸಿಗುತ್ತದೆ ಎನ್ನುವುದು ಮಾತ್ರ.

ಬ್ಲೂ-ರೇ ಗೆದ್ದದ್ದೇಕೆ ಎಂಬುದಕ್ಕೆ ಗುಣಮಟ್ಟವೇ ಗೆಲ್ಲಿಸುತ್ತದೆ ಎಂದು ಉತ್ತರ ಬರೆಯಲು ಹೊರಟವರು ವಿಸಿಡಿಯನ್ನು (ವಿಡಿಯೋ ಸಿಡಿ) ನೆನಪಿಸಿಕೊಳ್ಳಲಿ. 1993ರ ಆ ಡಿಸ್ಕಿನ ಚಿತ್ರ ವಿಎಚ್‌ಎಸ್ ಟೇಪಿನಷ್ಟೇ ಸುಮಾರು. ಒಂದರಲ್ಲಿ 74 ನಿಮಿಷ, ಹಾಗಾಗಿ ಮಧ್ಯದಲ್ಲಿ ಎದ್ದು ಡಿಸ್ಕ್ ಬದಲಿಸಬೇಕು. ಅಮೆರಿಕದಲ್ಲಿ ಕೇಳುವವರಿಲ್ಲ. ಚೀನಾದಲ್ಲಿ, ನಮ್ಮಲ್ಲಿ ಮನೆಮನೆಗೂ ಹೋಯಿತು: ಸಾಮಾನ್ಯ ಸಿಡಿಯಂತೆಯೇ ಅಗ್ಗದಲ್ಲಿ ಅಚ್ಚಾಗುತ್ತಿತ್ತು, ಇಂಥ ದೇಶದ ಪ್ಲೇಯರ್‌ನಲ್ಲಿ ಮಾತ್ರ ಓಡಬೇಕೆನ್ನುವ ಪ್ರದೇಶದ ಬೀಗವೂ ಇರಲಿಲ್ಲ, ನಕಲು ತಡೆಯುವ ಬೀಗವೂ ಇರಲಿಲ್ಲ.