ಫೀಡು ಹೆಚ್ಚಿಸಿದರೂ ಹಾಲಿಗೆ ಫ್ಯಾಟ್ ಯಾಕೆ ಬರುತ್ತಿಲ್ಲ?

ಪ್ರಶ್ನೆ: "ನಮ್ದು ಎಚ್‌ಎಫ್ ಮಿಶ್ರತಳಿ ಹಸು, ಎರಡನೇ ಸೂಲು. ಕರು ಹಾಕಿ ಎರಡು ತಿಂಗಳಾಯ್ತು. ದಿನಕ್ಕೆ ಹದಿನೈದು ಲೀಟರ್ ಕೊಡ್ತಿತ್ತು, ಡೈರೀಲಿ ಫ್ಯಾಟ್ 3.3 ಬರ್ತಿತ್ತು. ಫೀಡ್ ಜಾಸ್ತಿ ಮಾಡಿ, ಫ್ಯಾಟ್ ಬರ್ತದೆ ಅಂದ್ರು. ಈಗ ದಿನಕ್ಕೆ ಹತ್ತು ಕೆಜಿ ಹಾಕ್ತಾ ಇದ್ದೀವಿ. ಹಾಲು ಒಂದ್ ಲೀಟರ್ ಏರ್ತು, ಫ್ಯಾಟ್ 2.8ಕ್ಕೆ ಇಳೀತು. ಇನ್ನೇನು ತಿನ್ನಿಸ್ಬೇಕು?" (ಮದ್ದೂರು ತಾಲ್ಲೂಕಿನ ಓದುಗರು)

ಉತ್ತರ: ಇನ್ನೇನನ್ನೂ ಹೊಸದಾಗಿ ತಿನ್ನಿಸಬೇಕಾಗಿಲ್ಲ. ಈಗ ಹಾಕುತ್ತಿರುವ ಫೀಡಿನಲ್ಲಿ, ಅಂದರೆ ಚೀಲದಲ್ಲಿ ಬರುವ ಪಶು ಆಹಾರದಲ್ಲಿ, ಎರಡೂವರೆ ಕೆಜಿ ಇಳಿಸಿ, ಆ ಜಾಗಕ್ಕೆ ನಾರಿರುವ ಮೇವು ಕೊಡಿ. ಫ್ಯಾಟು ಚೀಲದಿಂದ ಬರುವುದಿಲ್ಲ, ಹುಲ್ಲಿನಿಂದ ಬರುತ್ತದೆ. ಮಂಡ್ಯ ಜಿಲ್ಲೆಯ ಹಳ್ಳಿಹಳ್ಳಿಯ ಡೈರಿ ಕಟ್ಟೆಯಲ್ಲೂ ಬೆಳಗಾದರೆ ಕೇಳುವ ದೂರು ಇದು. ಅದಕ್ಕೆ ಸಿಗುವ ಉತ್ತರ ಮಾತ್ರ ಬಹಳ ಸಲ ತಲೆಕೆಳಗಾಗಿರುತ್ತದೆ.

ಹಸು ತಿಂದ ಮೇವು ಮೊದಲು ಹೋಗುವುದು ರೂಮೆನ್ ಎಂಬ ದೊಡ್ಡ ಹೊಟ್ಟೆಗೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಹುಲ್ಲಿನ ನಾರನ್ನು ಹಸು ತಾನಾಗಿ ಅರಗಿಸಿಕೊಳ್ಳಲಾರದು, ಈ ಜೀವಿಗಳು ಅರಗಿಸಿಕೊಡುತ್ತವೆ. ನಾರು ಹುದುಗಿದಾಗ ಮುಖ್ಯವಾಗಿ ಹುಟ್ಟುವುದು ಅಸಿಟಿಕ್ ಆಮ್ಲ. ಅಡುಗೆಗೆ ಬಳಸುವ ವಿನೆಗರಿನಲ್ಲಿರುವುದೂ ಇದೇ. ಇದು ರಕ್ತದಲ್ಲಿ ಕೆಚ್ಚಲಿಗೆ ಬಂದು ಅಲ್ಲಿ ಕೊಬ್ಬಾಗುತ್ತದೆ. ಹಾಲಿನ ಕೊಬ್ಬಿನಲ್ಲಿ ಸುಮಾರು ಅರ್ಧದಷ್ಟು ಹೀಗೆ ಕೆಚ್ಚಲಿನಲ್ಲೇ ತಯಾರಾದದ್ದು. ಉಳಿದರ್ಧ ತಿಂದ ಆಹಾರದ ಎಣ್ಣೆಯಂಶದಿಂದ ಮತ್ತು ಹಸುವಿನ ಮೈಮೇಲಿನ ಕೊಬ್ಬಿನಿಂದ ಬರುತ್ತದೆ.

ಫೀಡಿನಲ್ಲಿರುವ ಮುಸುಕಿನ ಜೋಳ, ಅಕ್ಕಿ ನುಚ್ಚಿನಂಥ ಕಾಳಿನ ಪದಾರ್ಥ ಹುದುಗಿದಾಗ ಪ್ರೊಪಿಯಾನಿಕ್ ಆಮ್ಲ ಹೆಚ್ಚಾಗಿ ಹುಟ್ಟುತ್ತದೆ. ಅದು ಪಿತ್ತಜನಕಾಂಗದಲ್ಲಿ ಗ್ಲೂಕೋಸ್ ಆಗಿ, ಕೆಚ್ಚಲಿನಲ್ಲಿ ಹಾಲಿನ ಸಕ್ಕರೆಯಾಗುತ್ತದೆ. ಆ ಸಕ್ಕರೆಯೇ ನೀರನ್ನು ಎಳೆದುಕೊಂಡು ಹಾಲಿನ ಪ್ರಮಾಣ ಹೆಚ್ಚಿಸುವುದು. ಅದಕ್ಕೇ ಫೀಡು ಹೆಚ್ಚಿಸಿದಾಗ ನಿಮಗೆ ಒಂದು ಲೀಟರ್ ಹಾಲು ಸಿಕ್ಕಿತು. ಫ್ಯಾಟ್ ಇಳಿದದ್ದಕ್ಕೆ ಹಾಲು ಹೆಚ್ಚಾಗಿ ತೆಳುವಾದದ್ದೊಂದೇ ಕಾರಣವಲ್ಲ. ಅದಕ್ಕಿಂತ ದೊಡ್ಡ ಕಾರಣ ರೂಮೆನ್ನಿನಲ್ಲಿ ಹುಳಿ ಏರಿದ್ದು.

ಕಾಳು ಬೇಗ ಹುದುಗುತ್ತದೆ, ಆಮ್ಲ ಒಮ್ಮೆಲೇ ತುಂಬಿಕೊಳ್ಳುತ್ತದೆ. ಇದನ್ನು ತಣಿಸುವುದು ಹಸುವಿನ ಜೊಲ್ಲು. ಚೆನ್ನಾಗಿ ಮೆಲುಕು ಹಾಕುವ ಹಸು ದಿನಕ್ಕೆ ನೂರು ಲೀಟರಿಗೂ ಮೀರಿ ಜೊಲ್ಲು ಸುರಿಸುತ್ತದೆ. ಅದರಲ್ಲಿ ಸೋಡಾದ ಅಂಶವಿದೆ, ಹುಳಿಯನ್ನು ಮುರಿಯುತ್ತದೆ. ಆದರೆ ಜೊಲ್ಲು ಬರಬೇಕಾದರೆ ಹಸು ಅಗಿಯಬೇಕು, ಅಗಿಯಬೇಕಾದರೆ ಬಾಯಿಗೆ ಒರಟು ನಾರು ಸಿಗಬೇಕು. ಕಲಗಚ್ಚಿನಲ್ಲಿ ಕಲಸಿಟ್ಟ ಐದು ಕೆಜಿ ಫೀಡನ್ನು ಹಸು ಹತ್ತು ನಿಮಿಷದಲ್ಲಿ ನುಂಗಿಬಿಡುತ್ತದೆ. ಅಗಿಯುವುದೂ ಇಲ್ಲ, ಜೊಲ್ಲೂ ಇಲ್ಲ. ಹುಳಿ ಏರಿದಾಗ ನಾರು ಅರಗಿಸುವ ಜೀವಿಗಳು ಸೊರಗುತ್ತವೆ. ಜೊತೆಗೆ ರೂಮೆನ್ನಿನ ಕೆಲಸದ ದಾರಿಯೇ ತಪ್ಪಿ, ಒಂದು ಬಗೆಯ ಟ್ರಾನ್ಸ್ ಕೊಬ್ಬಿನಾಮ್ಲ ಹುಟ್ಟುತ್ತದೆ. ಅದು ಬಹಳ ಸಣ್ಣ ಪ್ರಮಾಣದಲ್ಲಿ ಕೆಚ್ಚಲು ತಲುಪಿದರೂ ಅಲ್ಲಿ ಕೊಬ್ಬು ತಯಾರಾಗುವ ಕೆಲಸಕ್ಕೆ ಅಡ್ಡಿ ಮಾಡುತ್ತದೆ.

ಈಗ ನಿಮ್ಮ ಹಸುವಿನ ಲೆಕ್ಕ ನೋಡೋಣ. ಅದರ ತೂಕ ಸುಮಾರು 400 ಕೆಜಿ ಎಂದಿಟ್ಟುಕೊಳ್ಳಿ. ಹಾಲು ಕರೆಯುವ ಮಿಶ್ರತಳಿ ಹಸು ತನ್ನ ತೂಕದ ನೂರಕ್ಕೆ ಮೂರರಿಂದ ಮೂರೂವರೆ ಪಾಲು ಒಣಪದಾರ್ಥ ತಿನ್ನುತ್ತದೆ. ಒಣಪದಾರ್ಥ ಎಂದರೆ ನೀರಿನಂಶ ಕಳೆದು ಉಳಿಯುವ ತೂಕ. ಅಂದರೆ ಹೆಚ್ಚುಕಡಿಮೆ 13 ಕೆಜಿ. ಹತ್ತು ಕೆಜಿ ಫೀಡಿನಲ್ಲೇ 9 ಕೆಜಿ ಒಣಪದಾರ್ಥ ಹೋಯಿತು. ಮೇವಿಗೆ ಉಳಿದದ್ದು ನಾಲ್ಕು ಕೆಜಿ! ಹೊಟ್ಟೆಯಲ್ಲಿ ಮೂರನೆಯ ಒಂದು ಪಾಲೂ ಮೇವಿಲ್ಲ. ಇರಬೇಕಾದದ್ದು ಅರ್ಧ, ಸಾಧ್ಯವಾದರೆ ಅದಕ್ಕಿಂತ ಸ್ವಲ್ಪ ಹೆಚ್ಚು.

ಹಸುವಿನ ಮೈ ಪೋಷಣೆಗೆ ಒಂದು ಕೆಜಿ ಚಿಲ್ಲರೆ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ಫೀಡು ಎಂಬುದು ಹಳೆಯ ಲೆಕ್ಕ. ಹಾಗೆ ನೋಡಿದರೆ ಹದಿನಾರು ಲೀಟರಿಗೆ ಏಳೂವರೆ ಕೆಜಿ ಸಾಕು. ಅದರಿಂದ ಬರುವ ಒಣಪದಾರ್ಥ ಏಳು ಕೆಜಿಗೂ ಕಡಿಮೆ. ಉಳಿದ ಆರೇಳು ಕೆಜಿಗೆ ಸುಮಾರು 20 ಕೆಜಿ ಹಸಿರು ಸೀಮೆಹುಲ್ಲು, ಎರಡೂವರೆ ಮೂರು ಕೆಜಿ ಒಣಹುಲ್ಲು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಏಳೂವರೆ ಕೆಜಿ ಫೀಡನ್ನೂ ಎರಡೇ ಹೊತ್ತಿಗೆ ಸುರಿಯಬೇಡಿ. ಮೂರು ನಾಲ್ಕು ಸಲ ಹಂಚಿ. ಬೆಳಗ್ಗೆ ಮೊದಲು ಒಂದಿಷ್ಟು ಒಣಹುಲ್ಲು ತಿನ್ನಲಿ, ಆಮೇಲೆ ಫೀಡು. ಈ ಒಂದು ಬದಲಾವಣೆಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಮೇವಿನಲ್ಲಿ ನಮ್ಮ ಜಿಲ್ಲೆಯದೇ ಒಂದು ಕಷ್ಟವಿದೆ. ನಾಲೆ ಬಯಲಿನಲ್ಲಿ ಸುಲಭಕ್ಕೆ ಸಿಗುವುದು ಭತ್ತದ ಹುಲ್ಲು ಮತ್ತು ಕಬ್ಬಿನ ಸೋಗೆ. ಕಬ್ಬು ಕಡಿಯುವ ಕಾಲದಲ್ಲಿ ಅನೇಕ ಕೊಟ್ಟಿಗೆಗಳಲ್ಲಿ ಸೋಗೆಯೊಂದೇ ಹಸಿರು. ಎರಡರಲ್ಲೂ ನಾರಿಗೆ ಕೊರತೆಯಿಲ್ಲ, ಆದರೆ ಸತ್ವ ಕಡಿಮೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಮರಳಿನ ಅಂಶವಾದ ಸಿಲಿಕಾ ಹೆಚ್ಚಿರುವುದರಿಂದ ಅರಗುವುದೂ ನಿಧಾನ. ಭತ್ತದ ಹುಲ್ಲು, ಸೋಗೆ ಎರಡರಲ್ಲೂ ಇರುವ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕಿ ದೇಹಕ್ಕೆ ಸಿಗದಂತೆ ಮಾಡುತ್ತದೆ. ಇವನ್ನೇ ತಿಂಗಳುಗಟ್ಟಲೆ ತಿನ್ನಿಸುವವರು ಖನಿಜ ಮಿಶ್ರಣವನ್ನು ಮರೆಯಲೇಬಾರದು. ದಿನಕ್ಕೆ 50 ಗ್ರಾಂ. ಫ್ಯಾಟು ಅದರಿಂದ ಏರುವುದಿಲ್ಲ, ಆದರೆ ಹಸು ಹೊತ್ತಿಗೆ ಸರಿಯಾಗಿ ಬೆದೆಗೆ ಬರಲು, ಗಬ್ಬ ಕಟ್ಟಲು ಅದು ಬೇಕು. ಮಳವಳ್ಳಿ, ನಾಗಮಂಗಲ ಕಡೆ ರಾಗಿ ಬೆಳೆಯುವ ನೆಂಟರಿದ್ದರೆ ರಾಗಿ ಹುಲ್ಲು ತರಿಸಿಕೊಳ್ಳಿ. ಭತ್ತದ ಹುಲ್ಲಿಗಿಂತ ಅದರಲ್ಲಿ ಸುಣ್ಣದಂಶವೂ ಹೆಚ್ಚು, ಅರಗುವುದೂ ಉತ್ತಮ. ಹಸು ಇಷ್ಟಪಟ್ಟು ತಿನ್ನುತ್ತದೆ.

ಭತ್ತದ ಹುಲ್ಲೇ ಗತಿ ಎನ್ನುವವರು ಯೂರಿಯಾ ಉಪಚಾರ ಮಾಡಬಹುದು. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ತುಳಿದು ಗಾಳಿಯಾಡದಂತೆ ಟಾರ್ಪಾಲು ಮುಚ್ಚಿ ಮೂರು ವಾರ ಬಿಡಬೇಕು. ತೆಗೆದ ಮೇಲೆ ಅಮೋನಿಯಾ ವಾಸನೆ ಆರುವವರೆಗೆ ಹರಡಿ, ಆಮೇಲೆ ಕೊಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡ. ಯೂರಿಯಾವನ್ನು ನೇರವಾಗಿ ನೀರಿಗೋ ಫೀಡಿಗೋ ಬೆರೆಸುವ ಸಾಹಸವಂತೂ ಖಂಡಿತ ಬೇಡ, ಜೀವಕ್ಕೇ ಅಪಾಯ.

ಸೀಮೆಹುಲ್ಲನ್ನು 45ರಿಂದ 50 ದಿನಕ್ಕೆ ಕೊಯ್ಯಿರಿ. ಎಳೆಯದಾದರೆ ಬರೀ ನೀರು, ಬಲಿತರೆ ಬರೀ ಕಡ್ಡಿ. ಯಂತ್ರಕ್ಕೆ ಕೊಟ್ಟು ಪುಡಿಪುಡಿ ಮಾಡಬೇಡಿ. ತುಂಡು ಒಂದಿಂಚಾದರೂ ಇರಲಿ, ಇಲ್ಲದಿದ್ದರೆ ಅಗಿಯುವ ಕೆಲಸವೇ ತಪ್ಪಿಹೋಗುತ್ತದೆ. ಜೊತೆಗೆ ಅಲಸಂದೆಯೋ ಕುದುರೆಮೆಂತ್ಯವೋ ಬದುವಿನ ಅಗಸೆ ಮರದ ಸೊಪ್ಪೋ ಸಿಕ್ಕರೆ ಪ್ರೋಟೀನೂ ಸೇರುತ್ತದೆ. ಬೇಸಿಗೆಯಲ್ಲಿ ನಾಲೆ ನಿಂತಾಗ ಹಸಿರಿಗೆ ಪರದಾಡುವ ಬದಲು ಮುಸುಕಿನ ಜೋಳದ ರಸಮೇವು (ಗಾಳಿಯಾಡದಂತೆ ಹುದುಗಿಸಿಟ್ಟ ಹಸಿ ಮೇವು, ಸೈಲೇಜ್) ಮಾಡಿಟ್ಟುಕೊಳ್ಳುವುದು ಎರಡು ಮೂರು ಹಸುವಿನ ಮನೆಗೂ ಸಾಧ್ಯ, ಚೀಲದಲ್ಲೇ ಮಾಡಬಹುದು.

ಫ್ಯಾಟು ಬೇಕಾದರೆ ಎಣ್ಣೆ ಕುಡಿಸಿದರಾಯಿತಲ್ಲ ಎಂದು ಕೇಳುವವರೂ ಇದ್ದಾರೆ. ಕೋಳಿಯಲ್ಲಿ, ಮೀನಿನಲ್ಲಿ ಆ ಲೆಕ್ಕ ನಡೆಯುತ್ತದೆ. ಕೆರೆಯ ಕಾಟ್ಲಾ, ರೋಹುಗೆ ತೌಡು, ಕಡಲೆಕಾಯಿ ಹಿಂಡಿ ಹಾಕಿ ಸಾಕಿದರೆ ಅವುಗಳ ಕೊಬ್ಬಿನ ಗುಣ ಬಹಳಮಟ್ಟಿಗೆ ಆ ಆಹಾರದ ಎಣ್ಣೆಯನ್ನೇ ಹೋಲುತ್ತದೆ. ಕೋಳಿಗೆ ಅಗಸೆಬೀಜ ತಿನ್ನಿಸಿದರೆ ಮೊಟ್ಟೆಯಲ್ಲಿ ಒಮೆಗಾ-3 ಹೆಚ್ಚುತ್ತದೆ. ಹಸುವಿನಲ್ಲಿ ನಡುವೆ ರೂಮೆನ್ ಇದೆ. ಅಲ್ಲಿನ ಜೀವಿಗಳು ಎಣ್ಣೆಯ ಸ್ವರೂಪವನ್ನೇ ಬದಲಾಯಿಸುತ್ತವೆ. ಎಣ್ಣೆ ಹೆಚ್ಚಾದರೆ ಅದು ನಾರಿನ ಮೇಲೆ ಹರಡಿ, ಜೀವಿಗಳನ್ನೂ ಕುಗ್ಗಿಸಿ ಫ್ಯಾಟನ್ನು ಇನ್ನೂ ಇಳಿಸುತ್ತದೆ. ಅಂಗಡಿಯಲ್ಲಿ ಸಿಗುವ ಬೈಪಾಸ್ ಫ್ಯಾಟ್ ರೂಮೆನ್ನಿನಲ್ಲಿ ಕರಗದಂತೆ ಮಾಡಿದ ಕೊಬ್ಬು. ಹೆಚ್ಚು ಹಾಲಿನ ಹಸುವಿಗೆ ಕರು ಹಾಕಿದ ಮೊದಲ ಮೂರು ತಿಂಗಳು ದಿನಕ್ಕೆ ನೂರೈವತ್ತು ಇನ್ನೂರು ಗ್ರಾಂ ಕೊಟ್ಟರೆ ಪ್ರಯೋಜನವಿದೆ. ಆದರೆ ಮೇವಿನ ಲೆಕ್ಕ ಸರಿಯಿಲ್ಲದ ಕೊಟ್ಟಿಗೆಯಲ್ಲಿ ಅದಕ್ಕೆ ದುಡ್ಡು ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಡುಗೆ ಸೋಡಾವೂ ಹಾಗೆಯೇ. ದಿನಕ್ಕೆ ನೂರು ಗ್ರಾಂನಷ್ಟು ಫೀಡಿನಲ್ಲಿ ಬೆರೆಸಿದರೆ ಹುಳಿ ತಗ್ಗುತ್ತದೆ, ಪಶುವೈದ್ಯರನ್ನು ಕೇಳಿ ಕೊಡಿ. ಹುಲ್ಲಿಗೆ ಬದಲು ಸೋಡಾ ಆಗದು.

ಮೇವಿಗೆ ಸಂಬಂಧವಿಲ್ಲದ ಒಂದು ಕಾರಣವನ್ನೂ ನೋಡಿಕೊಳ್ಳಿ. ಕೆಚ್ಚಲಿನಿಂದ ಮೊದಲು ಬರುವ ಹಾಲಿನಲ್ಲಿ ಫ್ಯಾಟ್ ಒಂದೆರಡು ಪರ್ಸೆಂಟ್ ಮಾತ್ರ. ಕೊನೆಯಲ್ಲಿ ಹಿಂಡಿದ ಹಾಲಿನಲ್ಲಿ ಏಳೆಂಟು ಇರುತ್ತದೆ. ನಮ್ಮಲ್ಲಿ ಮುಂಚಿನ ಹಾಲು ಕ್ಯಾನಿಗೆ, ಕೊನೆಯದು ಕರುವಿಗೆ. ಫ್ಯಾಟೆಲ್ಲ ಕರುವಿನ ಹೊಟ್ಟೆಗೆ ಹೋಗಿ, ಡೈರಿಯಲ್ಲಿ ಹಸುವಿಗೆ ಕೆಟ್ಟ ಹೆಸರು. ಕರುವನ್ನು ಉಪವಾಸ ಕೆಡವಿ ಎನ್ನುತ್ತಿಲ್ಲ. ಅದರ ತೂಕದ ಹತ್ತನೇ ಒಂದು ಪಾಲು ಹಾಲು ಅದಕ್ಕೆ ಸಿಗಲೇಬೇಕು. ಅದನ್ನು ಅಳೆದು ಬಕೆಟ್ಟಿನಲ್ಲಿ ಕುಡಿಸಿ, ಕೆಚ್ಚಲನ್ನು ಪೂರ್ತಿ ಕರೆಯಿರಿ. ಬೆಳಗಿನ ಹಾಲಿಗಿಂತ ಸಂಜೆಯ ಹಾಲಿಗೆ ಫ್ಯಾಟ್ ಹೆಚ್ಚು ಬಂದರೆ ಗಾಬರಿಯಾಗಬೇಡಿ. ರಾತ್ರಿಯ ಅಂತರ ಉದ್ದ, ಹಾಲು ಹೆಚ್ಚು, ಫ್ಯಾಟ್ ತೆಳು, ಅಷ್ಟೆ. ತಳಿಗೂ ಒಂದು ಮಿತಿಯಿದೆ. ಎಚ್‌ಎಫ್ ಹಸುವಿನಿಂದ ಜರ್ಸಿಯ ನಾಲ್ಕೂವರೆ, ಎಮ್ಮೆಯ ಏಳು ಬರಲಿ ಎಂದು ಯಾವ ಮೇವಿನಿಂದಲೂ ಸಾಧಿಸಲಾಗದು.

ಎಸ್‌ಎನ್‌ಎಫ್, ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಫ್ಯಾಟ್ ಸೋತರೆ ನಾರು ನೋಡಿ, ಎಸ್‌ಎನ್‌ಎಫ್ ಸೋತರೆ ಒಟ್ಟು ಹೊಟ್ಟೆ ತುಂಬುತ್ತಿದೆಯೇ ನೋಡಿ. ಶಕ್ತಿ, ಪ್ರೋಟೀನ್ ಸಾಲದ ಹಸುವಿಗೆ ಹಾಲಿನ ಪ್ರೋಟೀನ್ ಇಳಿಯುತ್ತದೆ. ಮೇವೆಲ್ಲ ಸರಿಯಿದ್ದೂ ಇಳಿದರೆ ಕೆಚ್ಚಲು ಬಾವು ಒಳಗೊಳಗೇ ಇರಬಹುದು, ಪರೀಕ್ಷೆ ಮಾಡಿಸಿ. ಹಸಿರು ಮೇವು ಹೆಚ್ಚಾದಷ್ಟೂ ಹಸುವಿನ ಬೆಣ್ಣೆಗೆ ಹಳದಿ ಬಣ್ಣ ಏರುತ್ತದೆ, ಅದು ಹುಲ್ಲಿನ ಕ್ಯಾರೋಟಿನ್. ಎಮ್ಮೆ ಅದನ್ನು ವಿಟಮಿನ್ ಎ ಆಗಿ ಬದಲಾಯಿಸುವುದರಿಂದ ಅದರ ಬೆಣ್ಣೆ ಬಿಳಿ. ಹತ್ತಿಕಾಳು ತಿಂದ ಹಸುವಿನ ತುಪ್ಪ ಗಟ್ಟಿ. ಎಷ್ಟು ಭಿನ್ನವೆಂದರೆ ಹಿಂದಿನ ಆಹಾರ ಕಲಬೆರಕೆ ತಡೆ ನಿಯಮಗಳಲ್ಲಿ ಹತ್ತಿಕಾಳು ತಿನ್ನಿಸುವ ಪ್ರದೇಶದ ತುಪ್ಪಕ್ಕೆ ಬೇರೆಯೇ ಅಳತೆ ಇತ್ತು.

ಬೂಷ್ಟು ಹಿಡಿದ ಮೇವಿನ ವಿಷಯದಲ್ಲಿ ಮಾತ್ರ ನನ್ನದು ಕಟ್ಟುನಿಟ್ಟು. ಮಳೆಗೆ ನೆಂದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳದಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ. ಅದರ ಒಂದು ಪಾಲು ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಮನುಷ್ಯರಿಗೆ ಕೊಡಲಾಗದ್ದನ್ನು ದನಕ್ಕೆ ಹಾಕೋಣ ಎಂಬ ಅಭ್ಯಾಸ ಇಲ್ಲಿ ಸಲ್ಲದು, ಅದು ಮರುದಿನ ಮಗುವಿನ ಲೋಟಕ್ಕೇ ಬರುತ್ತದೆ. ಅಂಥ ಚೀಲವನ್ನು ತಿಪ್ಪೆಗೆ ಹಾಕಿ. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ.

ಬದಲಾವಣೆಯನ್ನು ಒಂದೇ ದಿನಕ್ಕೆ ಮಾಡದೆ ಹತ್ತು ದಿನದಲ್ಲಿ ಹಂತಹಂತವಾಗಿ ಮಾಡಿ. ಡೈರಿಯ ಚೀಟಿಯಲ್ಲಿ ಫಲ ಕಾಣಲು ಎರಡು ಮೂರು ವಾರ ಬೇಕು. ಅದಕ್ಕೂ ಮೊದಲು ಹಸುವೇ ಹೇಳುತ್ತದೆ. ಮಲಗಿರುವಾಗ ಮೆಲುಕು ಹಾಕುತ್ತಿರಬೇಕು, ಒಂದು ಉಂಡೆಗೆ ಐವತ್ತು ಅರವತ್ತು ಸಲ ಅಗಿಯಬೇಕು. ಸಗಣಿ ತೆಳುವಾಗಿ ನೊರೆ ಬರುತ್ತಿದ್ದರೆ, ಕಾಳು ಹಾಗೇ ಕಾಣುತ್ತಿದ್ದರೆ ಹುಳಿ ಇನ್ನೂ ಇಳಿದಿಲ್ಲ. ನೀರು ಸದಾ ಮುಂದಿರಲಿ. ಇಷ್ಟು ಹಾಲಿನ ಹಸು ದಿನಕ್ಕೆ ಅರವತ್ತು ಎಂಬತ್ತು ಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಮುಂದಿನ ಸೂಲಿಗೆ ಒಂದು ಎಚ್ಚರಿಕೆ ಗುರುತು ಹಾಕಿಟ್ಟುಕೊಳ್ಳಿ. ಕರು ಹಾಕಿದ ಮೊದಲ ತಿಂಗಳಲ್ಲಿ ಎಚ್‌ಎಫ್ ಹಸುವಿನ ಫ್ಯಾಟ್ ಇದ್ದಕ್ಕಿದ್ದಂತೆ ಐದರ ಹತ್ತಿರ ಏರಿ, ಹಸು ಫೀಡು ಮೂಸಿ ಬಿಟ್ಟು ಬರೀ ಹುಲ್ಲು ತಿನ್ನುತ್ತಾ, ದಿನದಿಂದ ದಿನಕ್ಕೆ ಸೊರಗುತ್ತಿದ್ದರೆ ಅದು ಸಂತೋಷದ ಫ್ಯಾಟಲ್ಲ. ತಿಂದದ್ದು ಸಾಲದೆ ಮೈಕೊಬ್ಬನ್ನು ಕರಗಿಸಿ ಹಾಲಿಗೆ ಸುರಿಯುತ್ತಿದೆ. ಕೀಟೋಸಿಸ್ ಎಂಬ ಕಾಯಿಲೆಯ ಲಕ್ಷಣ ಅದು, ಉಸಿರಿಗೆ ಹಣ್ಣಿನಂಥ ವಾಸನೆಯೂ ಬರಬಹುದು. ಆವತ್ತೇ ಪಶುವೈದ್ಯರನ್ನು ಕರೆಸಿ. ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆ.