ಪಕ್ಕದೂರಿನ ಟೀಚರ್ ವಿಡಿಯೋದಲ್ಲಿ ಪಾಠ ಮಾಡಿದರೆ ನಮ್ಮ ಮಕ್ಕಳಿಗೆ ತಲೆಗೆ ಹತ್ತುತ್ತದಾ?

ಓದುಗರ ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಗಡಿಯಲ್ಲಿರುವ ಒಂದು ಕನ್ನಡ ಮೀಡಿಯಂ ಹೈಸ್ಕೂಲು. ಜೂನ್‌ನಿಂದ ಫಿಸಿಕ್ಸ್‌ಗೆ ಟೀಚರ್ ಇಲ್ಲ. ಹತ್ತಿರದ ಇನ್ನೊಂದು ಶಾಲೆಯಲ್ಲಿ ಕನ್ನಡದಲ್ಲಿ ಚೆನ್ನಾಗಿ ಪಾಠ ಮಾಡುವವರು ಇದ್ದಾರೆ. ಅವರು ಅಲ್ಲಿ ಕ್ಲಾಸು ಮಾಡುವಾಗಲೇ ವಿಡಿಯೋ ಕಾನ್ಫರೆನ್ಸ್‌ನಲ್ಲಿ ನಮ್ಮ ಹತ್ತನೇ ಕ್ಲಾಸಿನ ಮಕ್ಕಳನ್ನೂ ಸೇರಿಸಿಕೊಳ್ಳಬಹುದಾ? ಪಿಟಿಎ, ಅಂದರೆ ಪೋಷಕರ ಮತ್ತು ಟೀಚರುಗಳ ಸಂಘದ ಹತ್ತಿರ ಸ್ವಲ್ಪ ಹಣ ಇದೆ. ಯಾವ ಕ್ಯಾಮೆರಾ ತಗೊಂಡರೆ ಒಳ್ಳೇದು?

ಖಂಡಿತ ಸೇರಿಸಿಕೊಳ್ಳಬಹುದು. ಆದರೆ ಕ್ಯಾಮೆರಾದ ಮಾತು ಸದ್ಯಕ್ಕೆ ಬಿಡಿ. ಶಾಲೆಯ ಲ್ಯಾಪ್‌ಟಾಪಿನದ್ದೋ ಟೀಚರ ಫೋನಿನದ್ದೋ ಕ್ಯಾಮೆರಾ ಸಾಕು. ಇರುವ ಹಣವನ್ನು ಮೈಕಿಗೆ ಹಾಕಿ, ಉಳಿದರೆ ಸ್ಪೀಕರಿಗೆ. ಚಿತ್ರ ಸ್ವಲ್ಪ ಮಸುಕಾದರೂ ಮಕ್ಕಳು ಪಾಠ ಕೇಳುತ್ತಾರೆ. ಧ್ವನಿ ತುಂಡು ತುಂಡಾಗಿ ಬಂದರೆ ಐದು ನಿಮಿಷ ತಡೆದುಕೊಳ್ಳುತ್ತಾರೆ ಅಷ್ಟೇ, ಆಮೇಲೆ ಅವರ ಲೋಕವೇ ಬೇರೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಟೀಚರ ಮಾತು ನಿಮ್ಮ ಮಕ್ಕಳಿಗೆ ಕೇಳಿಸಿದರೆ ಅರ್ಧ ಕೆಲಸ ಆದ ಹಾಗೆ. ನಿಮ್ಮ ಮಕ್ಕಳ ಮಾತು ಆ ಟೀಚರಿಗೆ ಕೇಳಿಸಬೇಕು, ಅದೂ ಹಿಂದಿನ ಬೆಂಚಿನಿಂದ. ಈ ಎರಡನೇ ಅರ್ಧವನ್ನೇ ಎಲ್ಲರೂ ಮರೆಯುವುದು.

ಒಂದೇ ಕಡೆಯಿಂದ ಬರುವ ಪಾಠ ನಮಗೆ ಹೊಸತಲ್ಲ. ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ ಮೇಲೆ ಹೋದದ್ದು 2004ರಲ್ಲಿ. ಅದರ ಆಧಾರದಲ್ಲಿ ಕೇರಳದಲ್ಲಿ ಪಾಠಗಳ ವಿಕ್ಟರ್ಸ್ ಟಿವಿ ಚಾನೆಲ್ 2005ರಲ್ಲಿ ಶುರುವಾಯಿತು. ಕೊರೋನಾ ಕಾಲದಲ್ಲಿ, 2020ರ ಜೂನ್ 1ರಿಂದ, ಕೇರಳದ ಶಾಲೆಗಳ ತಂತ್ರಜ್ಞಾನದ ಕೆಲಸ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್ ಅದೇ ಚಾನೆಲ್‌ನಲ್ಲಿ ಫಸ್ಟ್ ಬೆಲ್ ಎಂಬ ಹೆಸರಿನ ಪಾಠಗಳನ್ನು ಕೊಟ್ಟಿತು, ಕನ್ನಡ ಮೀಡಿಯಂ ಪಾಠಗಳೂ ಯೂಟ್ಯೂಬ್‌ಗೆ ಬಂದವು. ಅವುಗಳ ಹಿಂದೆ ನಮ್ಮ ಜಿಲ್ಲೆಯ ಟೀಚರುಗಳ ಶ್ರಮ ಬಹಳ ಇದೆ. ಆದರೆ "ಟೀಚರ್, ಅದು ಇನ್ನೊಮ್ಮೆ" ಎಂದು ತಡೆಯಲು ಮಗುವಿಗೆ ದಾರಿ ಇರಲಿಲ್ಲ. ಬರೀ ನೋಡುವುದಕ್ಕಾದರೆ ಆ ರೆಕಾರ್ಡಿಂಗೇ ಸಾಕಲ್ವಾ, ಇಷ್ಟೆಲ್ಲಾ ವಯರು ಎಳೆಯುವ ಕಷ್ಟ ಯಾಕೆ? ನೀವು ಈಗ ಮಾಡಲು ಹೊರಟದ್ದರ ಬೆಲೆಯೆಲ್ಲಾ ಇರುವುದು ಮಗು ಪಾಠವನ್ನು ನಡುವೆ ನಿಲ್ಲಿಸಬಲ್ಲದು ಎಂಬುದರಲ್ಲಿ.

ಗಡಿಯಾಚೆಯ, ಅಂದರೆ ಕರ್ನಾಟಕ ಸಿಲೆಬಸ್ಸಿನ ವಿಡಿಯೋ ಹಾಕಿದರೆ ಸಾಲದೇ ಎಂದು ಕೆಲವು ಪೋಷಕರು ಕೇಳುತ್ತಾರೆ. ಸಾಲದು. ನಮ್ಮ ಮಕ್ಕಳು ಬರೆಯುವುದು ಕೇರಳದ ಎಸ್‌ಎಸ್‌ಎಲ್‌ಸಿ, ಪುಸ್ತಕ ಅಲ್ಲಿನ ಪಠ್ಯ ತಯಾರಿಸುವ ಕೇರಳ ಎಸ್‌ಸಿಇಆರ್‌ಟಿಯದ್ದು, ಪಾಠಗಳ ಕ್ರಮವೇ ಬೇರೆ. ಅದೇ ಪುಸ್ತಕ ಹಿಡಿದು ಅದೇ ಪರೀಕ್ಷೆಗೆ ಕಲಿಸುತ್ತಿರುವ, ಬೇಕಾದಾಗ ಒಂದು ಮಾತನ್ನು ತುಳುವಿನಲ್ಲೋ ಮಲಯಾಳದಲ್ಲೋ ಬಿಡಿಸಿ ಹೇಳಬಲ್ಲ ಟೀಚರೇ ಬೇಕು. ಬದಿಯಡ್ಕವೋ ಪೈವಳಿಕೆಯೋ ಮುಳ್ಳೇರಿಯವೋ, ಹತ್ತಿರದ ಶಾಲೆಯವರನ್ನು ಹುಡುಕಿದ್ದು ಅದಕ್ಕೇ ಸರಿ.

ಇನ್ನು ಮೈಕಿನ ವಿಷಯ, ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಲ್ಯಾಪ್‌ಟಾಪಿನ ಒಳಗಿರುವ ಮೈಕು ಅದರ ಮುಂದೆ ಕೂತವರಿಗಾಗಿ ಮಾಡಿದ್ದು. ಟೀಚರ್ ಬೋರ್ಡಿನ ಹತ್ತಿರ ಹೋಗಿ ಬೆನ್ನು ತಿರುಗಿಸಿದರೆ ಅದಕ್ಕೆ ಸಿಗುವುದು ಗೋಡೆಗೆ ಬಡಿದು ಬಂದ ದನಿ ಮಾತ್ರ. ದೂರ ಎರಡು ಪಟ್ಟಾದರೆ ನೇರವಾಗಿ ಬರುವ ದನಿಯ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಆದರೆ ಖಾಲಿ ಗೋಡೆಗಳ ಕೋಣೆಯಲ್ಲಿ ಪ್ರತಿಧ್ವನಿ ಅಷ್ಟು ಇಳಿಯುವುದಿಲ್ಲ. ಅದಕ್ಕೇ ಮಾತು ಕಲಸಿದ ಹಾಗೆ ಕೇಳುವುದು. ಫಿಸಿಕ್ಸ್ ಕ್ಲಾಸಲ್ವಾ, ಬೇಕಿದ್ದರೆ ಇದನ್ನೇ ಮಕ್ಕಳಿಗೆ ಮಾಡಿ ತೋರಿಸಬಹುದು. ಪರಿಹಾರ ಸುಲಭ. ಟೀಚರಿಗೆ ವಯರ್‌ಲೆಸ್ ಕಾಲರ್ ಮೈಕ್ ಸಿಕ್ಕಿಸಿ. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಜಾಸ್ತಿ ಅಂತರ ಬೇಡ.

ನಿಮ್ಮ ಕಡೆಯ ಕೋಣೆಗೆ ಬೇರೆ ಉಪಾಯ. ಮೈಕು, ಸ್ಪೀಕರು ಎರಡೂ ಒಂದೇ ಡಬ್ಬಿಯಲ್ಲಿರುವ ಯುಎಸ್‌ಬಿ ಕಾನ್ಫರೆನ್ಸ್ ಮೈಕ್ ಸಿಗುತ್ತದೆ. ಸ್ಪೀಕರಿನಿಂದ ಬಂದ ಟೀಚರ ದನಿ ವಾಪಸು ಮೈಕಿಗೆ ಹೋಗಿ ಅವರಿಗೇ ಕೇಳಿಸದ ಹಾಗೆ ಅದು ಒಳಗೇ ಕಳೆದುಬಿಡುತ್ತದೆ. ಅದನ್ನು ನಡುವೆ ಒಂದು ಸ್ಟೂಲಿನ ಮೇಲಿಟ್ಟು ಬೆಂಚುಗಳನ್ನು ಅರ್ಧ ಚಂದ್ರದ ಹಾಗೆ ಹತ್ತಿರ ಎಳೆಯಿರಿ. ಸಾಲು ಸಾಲಾಗಿ ಹಿಂದಕ್ಕೆ ಹೋದ ಬೆಂಚುಗಳಿದ್ದರೆ ಎಂಥ ಮೈಕೂ ಹಿಂದಿನವರನ್ನು ಹಿಡಿಯುವುದಿಲ್ಲ. ಸ್ಪೀಕರು ಸಣ್ಣದಾಗಿ ಕೋಣೆಗೆ ಸಾಲದಿದ್ದರೆ, ಹೊರಗಿನ ದೊಡ್ಡ ಸ್ಪೀಕರನ್ನು ಮುಂದೆ ಇಡಿ, ಮೈಕಿನ ಕಡೆಗೆ ಮುಖ ಮಾಡಿಸಬೇಡಿ.

ಒಂದು ಕೋಣೆಯಲ್ಲಿ ಒಂದೇ ಮೈಕು, ಒಂದೇ ಸ್ಪೀಕರು ತೆರೆದಿರಬೇಕು. ಲ್ಯಾಪ್‌ಟಾಪೂ ಸೇರಿದೆ, ಪಕ್ಕದಲ್ಲಿ ಒಬ್ಬರ ಫೋನೂ ಅದೇ ಮೀಟಿಂಗಿಗೆ ಸೇರಿದೆ ಅಂದರೆ ಕೂಡಲೇ ಕುಂಯ್ ಎಂಬ ಕೂಗು ಏಳುತ್ತದೆ, ಎರಡೂ ಶಾಲೆಯ ಮಕ್ಕಳು ಕಿವಿ ಮುಚ್ಚಿಕೊಂಡು ನಗುತ್ತಾರೆ, ಆ ಪೀರಿಯಡ್ ಅಲ್ಲಿಗೆ ಹೋಯಿತು.

ಮೀಟಿಂಗ್ ಆ್ಯಪ್‌ಗಳಲ್ಲಿ ಗದ್ದಲ ತೆಗೆಯುವ ಸೆಟ್ಟಿಂಗ್ ಇರುತ್ತದೆ. ಅದು ಒಬ್ಬರ ಮಾತನ್ನು ಉಳಿಸಿ ಬೇರೆಯದನ್ನು ಕತ್ತರಿಸಲು ನೋಡುತ್ತದೆ. ಇಪ್ಪತ್ತು ಮಕ್ಕಳು ಒಟ್ಟಿಗೆ "ಹೌದು ಟೀಚರ್" ಅಂದರೆ ಅದನ್ನೂ ಗದ್ದಲ ಎಂದುಕೊಂಡು ನುಂಗಿಬಿಡಬಹುದು, ಟೀಚರಿಗೆ ಆ ಕಡೆ ಯಾರೂ ಇಲ್ಲವೇನೋ ಎಂಬ ಹಾಗಾಗುತ್ತದೆ. ಎಲ್ಲರೂ ಒಟ್ಟಿಗೆ ಹೇಳುವ ಹೊತ್ತಿಗೆ ಅದನ್ನು ಆಫ್ ಮಾಡಿ ನೋಡಿ. ಮಳೆಗಾಲದಲ್ಲಿ ಮಾತ್ರ ಆನ್ ಇರಲಿ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು, ಶೀಟಿನ ಮಾಡಿನ ಕೆಳಗೆ ಜುಲೈ ತಿಂಗಳಲ್ಲಿ ಎದುರಿಗೆ ನಿಂತವರ ಮಾತೇ ಕೇಳುವುದಿಲ್ಲ. ಸಾಧ್ಯವಾದರೆ ಕಾಂಕ್ರೀಟ್ ಮಾಡಿನ ಕೋಣೆಯನ್ನು ಈ ಕ್ಲಾಸಿಗೆ ಬಿಟ್ಟುಕೊಡುವಂತೆ ಹೆಡ್‌ಮಾಸ್ಟರನ್ನು ಕೇಳಿ. ಯಾವ ಯಂತ್ರ ಕೊಂಡರೂ ಆಗದಷ್ಟು ಉಪಕಾರ ಅದರಿಂದ ಆಗುತ್ತದೆ.

ಈಗ ಬೋರ್ಡು. ಕರಿಹಲಗೆಯ ಮೇಲೆ ಚಾಕ್‌ನಲ್ಲಿ ಬರೆದದ್ದನ್ನು ಲ್ಯಾಪ್‌ಟಾಪ್ ಕ್ಯಾಮೆರಾದಲ್ಲಿ ಕಳಿಸಿದರೆ ಮೊದಲು ಅಳಿಸಿಹೋಗುವುದು ಒತ್ತಕ್ಷರ. ನೆಟ್ ಕಡಿಮೆಯಾದ ಕೂಡಲೇ ಆ್ಯಪ್ ಚಿತ್ರದ ಸೂಕ್ಷ್ಮ ವಿವರ ಬಿಟ್ಟುಕೊಟ್ಟು ಚಲನೆಯನ್ನು ಉಳಿಸಿಕೊಳ್ಳುತ್ತದೆ. ಆಗ ಪ ಯಾವುದು, ಷ ಯಾವುದು, ಫ ಯಾವುದು ಎಂದು ತಿಳಿಯುವುದಿಲ್ಲ, "ವಿದ್ಯುತ್" ಎಂಬುದರ ಕೆಳಗಿನ ಒತ್ತು ಬರೀ ಒಂದು ಬಿಳಿ ಚುಕ್ಕೆ. ನೀರಿನ ಸೂತ್ರದಲ್ಲಿ ಕೆಳಗೆ ಬರುವ ಸಣ್ಣ 2 ಕೂಡ ಹಾಗೆಯೇ. ಮಗು ಊಹಿಸಿ ನೋಟ್ಸಿಗೆ ಬರೆದುಕೊಳ್ಳುತ್ತದೆ, ತಪ್ಪು ಗೊತ್ತಾಗುವುದು ಓಣಂ ಪರೀಕ್ಷೆಯ ಪೇಪರು ತಿದ್ದುವಾಗ.

ಇದಕ್ಕೆ ಒಳ್ಳೆಯ ದಾರಿ ಎಂದರೆ ಟೀಚರ್ ಕಾಗದದ ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯುವುದು, ಮೇಲಿನಿಂದ ಒಂದು ಫೋನು ಕೆಳಮುಖವಾಗಿ ಅದನ್ನು ನೋಡುತ್ತಿರುವುದು. ಫೋನಿಗೆ ಸ್ಟ್ಯಾಂಡ್ ಇಲ್ಲದಿದ್ದರೆ ಎರಡು ರಾಶಿ ಪುಸ್ತಕ, ಮೇಲೊಂದು ಗಾಜು ಅಥವಾ ಪಟ್ಟಿ, ಅಷ್ಟೇ. ಆ ಫೋನಿನ ಮೈಕು ಮ್ಯೂಟ್, ಸ್ಪೀಕರ್ ಪೂರ್ತಿ ಇಳಿಸಿರಬೇಕು. ಒಂದು ಹಾಳೆಗೆ ಐದಾರು ಸಾಲು ಸಾಕು. ಅದನ್ನೇ ಪ್ರೊಜೆಕ್ಟರಿನಲ್ಲಿ ಅವರ ಸ್ವಂತ ಕ್ಲಾಸಿಗೂ ಹಾಕಿದರೆ ಎರಡೂ ಕಡೆಯ ಮಕ್ಕಳು ಒಂದೇ ಹಾಳೆಯನ್ನು ನೋಡುತ್ತಾರೆ. 2018ರಲ್ಲಿ ಶುರುವಾದ ಕೇರಳದ ಹೈಟೆಕ್ ಶಾಲೆ ಯೋಜನೆಯಲ್ಲಿ 8ರಿಂದ 12ರವರೆಗಿನ ಕ್ಲಾಸುಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂದಿವೆ, ಅವನ್ನು ಉಪಯೋಗಿಸಿ. ಬೋರ್ಡೇ ಬೇಕು ಎನ್ನುವ ಟೀಚರಾದರೆ, ಕಿಟಕಿ ಅವರ ಬೆನ್ನ ಹಿಂದೆ ಬರದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ.

ನೆಟ್ಟಿನ ಲೆಕ್ಕ ತುಂಬಾ ದೊಡ್ಡದೇನಲ್ಲ. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಹೋದರೆ 40 ನಿಮಿಷದ ಪೀರಿಯಡ್‌ಗೆ ಸುಮಾರು 300 ಎಂಬಿ. ಬರೀ ಮಾತಿಗಾದರೆ ಸೆಕೆಂಡಿಗೆ 100 ಕಿಲೋಬಿಟ್ ಕೂಡ ಬೇಡ. ಸ್ಪೀಡ್ ಟೆಸ್ಟ್ ಮಾಡುವಾಗ ಡೌನ್‌ಲೋಡ್ ನೋಡಿ ಖುಷಿಪಡಬೇಡಿ, ಎರಡೂ ಶಾಲೆಯ ಅಪ್‌ಲೋಡ್ ಎಷ್ಟಿದೆ ಎಂದು ನೋಡಿ. ಝೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಗೂಗಲ್ ಮೀಟ್‌ನಲ್ಲಿ ಮೂರು ಕಡೆಯಿಂದ ಸೇರಿದರೂ 60 ನಿಮಿಷ ಸಿಗುತ್ತದೆ, ಬ್ರೌಸರಿನಲ್ಲೇ ನಡೆಯುತ್ತದೆ. ಕರೆಂಟು ಹೋದರೆ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಇರುತ್ತದೆ, ನಿಂತುಹೋಗುವುದು ಮೋಡೆಮ್. ಅದಕ್ಕೆ 12 ವೋಲ್ಟಿನ ಪುಟ್ಟ ಯುಪಿಎಸ್ ಬರುತ್ತದೆ, ಮಳೆಗಾಲದ ಮೊದಲೇ ತಂದಿಡಿ.

ಅಷ್ಟಾದರೂ ಒಂದೊಂದು ದಿನ ನೆಟ್ ಹೋಗಿಯೇ ಹೋಗುತ್ತದೆ. ಅಂದಿನ ಹಾಳೆಗಳ ಫೋಟೋ ಬೆಳಿಗ್ಗೆಯೇ ವಾಟ್ಸಾಪಿನಲ್ಲಿ ಬಂದಿದ್ದರೆ, ಅದನ್ನು ಪರದೆಗೆ ಹಾಕಿ, ಟೀಚರಿಗೆ ಸಾದಾ ಫೋನ್ ಮಾಡಿ ಸ್ಪೀಕರಿಗೆ ಹಾಕಿದರೂ ಪಾಠ ಮುಂದುವರಿಯುತ್ತದೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ಇಂಥದೊಂದು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ನಾನು ಕೂತಿದ್ದಾಗ ಹೀಗೇ ಆಯಿತು. ಓಮನ ನಿಯಮದ ಲೆಕ್ಕ ನಡೆಯುತ್ತಿತ್ತು, ಪರದೆಯ ಮೇಲೆ ಹಾಳೆಯ ಫೋಟೋ, ಫೋನಿನಲ್ಲಿ ಟೀಚರ ದನಿ. ಒಬ್ಬ ಹುಡುಗಿ ಎದ್ದು ಪರದೆಯ ಹತ್ತಿರ ಹೋಗಿ, ಮೂರನೇ ಸಾಲಿನ ಮೇಲೆ ಬೆರಳಿಟ್ಟು, "ಟೀಚರ್, ಇಲ್ಲಿ ಆಂಪಿಯರ್ ಯಾಕೆ ಕಮ್ಮಿ ಆದ್ದು?" ಎಂದು ಕೇಳಿದಳು. ಟೀಚರಿಗೆ ಬೆರಳು ಕಾಣಲಿಲ್ಲ. ಪಕ್ಕದಲ್ಲಿದ್ದ ಹಿಂದಿ ಮಾಷ್ಟ್ರು ಫೋನಿನ ಹತ್ತಿರ ಬಗ್ಗಿ "ಮೂರನೇ ಸಾಲು ಟೀಚರೇ, ರೆಸಿಸ್ಟೆನ್ಸ್ ಎರಡು ಪಟ್ಟು ಮಾಡಿದ ಕಡೆ" ಎಂದರು. ಅಷ್ಟೇ ಬೇಕಾಗಿದ್ದದ್ದು.

ಹಾಗಾಗಿ ನಿಮ್ಮ ಕೋಣೆಯಲ್ಲಿ ದೊಡ್ಡವರೊಬ್ಬರು ಇರಲೇಬೇಕು. ಫಿಸಿಕ್ಸ್ ಗೊತ್ತಿರಬೇಕೆಂದಿಲ್ಲ. ಪ್ರಶ್ನೆಯನ್ನು ಮೈಕಿನ ಹತ್ತಿರ ಮತ್ತೆ ಹೇಳಲು, ಮಕ್ಕಳ ನೋಟ್ಸಿನ ಮೇಲೆ ಕಣ್ಣಾಡಿಸಲು, "ಇಲ್ಲಿ ನಾಲ್ಕು ಜನ ಇನ್ನೂ ಬರೆಯುತ್ತಿದ್ದಾರೆ, ಸ್ವಲ್ಪ ನಿಲ್ಲಿ" ಎನ್ನಲು ಒಬ್ಬರು. ದಿನವೂ ಒಬ್ಬರೇ ಆದರೆ ಒಳ್ಳೇದು. ಆ ಪೀರಿಯಡ್ ಬಿಡುವಿರುವ ಟೀಚರ್ ಆಗಬಹುದು, ಹೆಡ್‌ಮಾಸ್ಟರ್ ಒಪ್ಪಿದರೆ ಪಿಟಿಎಯ ಪೋಷಕರೂ ಆಗಬಹುದು. ಯಾರೂ ಇಲ್ಲದೆ ಪರದೆಯನ್ನು ಆನ್ ಮಾಡಿ ಬಾಗಿಲು ಎಳೆದುಕೊಂಡು ಹೋಗುವುದಾದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಮಕ್ಕಳಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ಪಾಠ ಮಾಡುವ ಟೀಚರ ಹತ್ತಿರವೂ ಒಂದೆರಡು ಮಾತು ಆಡಿಕೊಳ್ಳಿ. ಎದುರಿಗೆ ಕೂತ ಮಕ್ಕಳ ಕಡೆಗೇ ಕಣ್ಣು ಹೋಗುವುದು ಸಹಜ, ಹತ್ತು ನಿಮಿಷದಲ್ಲಿ ಪರದೆಯ ಮಕ್ಕಳು ಮರೆತೇಹೋಗುತ್ತಾರೆ. ಪ್ರಶ್ನೆಯನ್ನು ಮೊದಲು ದೂರದ ಕೋಣೆಗೆ ಕೇಳಬೇಕು, ಆಮೇಲೆ ಎದುರಿನವರಿಗೆ. "ಆ ಕಡೆಯವರು ಹೇಳಿ" ಎಂದರೆ ಯಾರೂ ಬಾಯಿ ಬಿಡುವುದಿಲ್ಲ, ಹೆಸರು ಹಿಡಿದು ಕರೆಯಬೇಕು. ಅದಕ್ಕೆ ಮಕ್ಕಳು ಕೂತ ಜಾಗದ ನಕ್ಷೆಯನ್ನು ಹೆಸರುಗಳ ಸಮೇತ ಬರೆದು ಅವರಿಗೆ ಕಳಿಸಿ. ಇನ್ನು ಕಾಯುವ ವಿಷಯ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದು ಇದು: ಟೀಚರುಗಳು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದೇ ಸೆಕೆಂಡು ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರ ಕೊಡುವ ಮಕ್ಕಳೂ ಹೆಚ್ಚುತ್ತಾರೆ. ಅದು ಒಂದೇ ಕೋಣೆಯ ಕಥೆ. ವಿಡಿಯೋದಲ್ಲಿ ಮಾತು ಹೋಗಿ ಬರಲು ಹೊತ್ತು ಬೇಕು, ಮಗು ಎದ್ದು ಮೈಕಿನ ಹತ್ತಿರ ಬರಬೇಕು. ಏಳೆಂಟು ಸೆಕೆಂಡು ಸುಮ್ಮನೆ ನಿಲ್ಲುವುದನ್ನು ಟೀಚರ್ ರೂಢಿ ಮಾಡಿಕೊಳ್ಳಬೇಕು. ಮೊದಮೊದಲು ಕಸಿವಿಸಿಯಾಗುತ್ತದೆ, ಆದರೂ ಬಿಡಬಾರದು.

ಪ್ರಯೋಗಗಳನ್ನು ಪರದೆಯಲ್ಲಿ ತೋರಿಸಿ ಮುಗಿಸಬೇಡಿ. ಬ್ಯಾಟರಿ, ಬಲ್ಬು, ವಯರು, ಒಂದು ಮಸೂರ, ಇಷ್ಟು ನಿಮ್ಮ ಕೋಣೆಯಲ್ಲೂ ಇರಲಿ, ಟೀಚರ್ ಹೇಳಿದ ಹಾಗೆ ಮಕ್ಕಳ ಕೈಯೇ ಮಾಡಲಿ. ತಿಂಗಳಿಗೊಮ್ಮೆಯಾದರೂ ಆ ಟೀಚರ್ ನಿಮ್ಮ ಶಾಲೆಗೆ ಬಂದುಹೋದರೆ ಇನ್ನೂ ಒಳ್ಳೇದು. ಮುಖ ಕಂಡ ಮೇಲೆ ಮಕ್ಕಳು ಪ್ರಶ್ನೆ ಕೇಳುವ ರೀತಿಯೇ ಬದಲಾಗುತ್ತದೆ.

ಕ್ಲಾಸನ್ನು ರೆಕಾರ್ಡ್ ಮಾಡುವುದಾದರೆ ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ವಿಡಿಯೋ ಶಾಲೆಯೊಳಗೇ ಇರಲಿ, ಫೇಸ್‌ಬುಕ್ಕಿಗೆ ಹಾಕಬೇಡಿ. 2023ರ ಡೇಟಾ ರಕ್ಷಣೆ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲರೂ ಮಕ್ಕಳೇ.

ಕೊನೆಗೆ ಹುದ್ದೆಯ ವಿಷಯ. ವಿಡಿಯೋ ಕ್ಲಾಸು ನಡೆಯುತ್ತಿದೆಯಲ್ಲಾ, ಇನ್ನೇನು ಅವಸರ ಎಂದು ಯಾರೂ ಹೇಳದ ಹಾಗೆ ನೋಡಿಕೊಳ್ಳಿ. ಕನ್ನಡ ಬಲ್ಲ ಫಿಸಿಕ್ಸ್ ಟೀಚರ್ ನಿಮ್ಮ ಮಕ್ಕಳ ಹಕ್ಕು, ಅದನ್ನು ಪರದೆಗೆ ಬಿಟ್ಟುಕೊಡಬಾರದು. ಪಿಟಿಎಯಿಂದ ಶಿಕ್ಷಣ ಇಲಾಖೆಗೆ ಅರ್ಜಿ ಹೋಗುತ್ತಲೇ ಇರಲಿ, ಎಷ್ಟು ಪೀರಿಯಡ್ ವಿಡಿಯೋದಲ್ಲಿ ನಡೆಯಿತು, ಎಷ್ಟು ತಪ್ಪಿಹೋಯಿತು ಎಂಬ ಪಟ್ಟಿಯನ್ನೂ ಅದಕ್ಕೆ ಲಗತ್ತಿಸಿ. ವರ್ಷದ ನಡುವೆ ಹೊಸ ಟೀಚರ್ ಬಂದರೆ ಮೊದಲ ವಾರ ಅವರನ್ನು ಇದೇ ವಿಡಿಯೋ ಕ್ಲಾಸಿನಲ್ಲಿ ಮಕ್ಕಳ ಜೊತೆ ಕೂರಿಸಿ. ಪಾಠ ಎಲ್ಲಿಗೆ ಮುಟ್ಟಿದೆ, ಯಾವ ಮಗು ಎಲ್ಲಿ ತಡವರಿಸುತ್ತದೆ ಎಂದು ಅವರಿಗೆ ಬೇಗ ಗೊತ್ತಾಗುತ್ತದೆ.